‘ಯಾರ ಕಡೆಯಿಂದ ಬಂತು?’ ಅಂತ ಕೇಳಬೇಡಿ

ಮಾನ್ಯ ಸಂಪಾದಕರೇ,

ಅಕ್ಕನ ಮೊದಲ ಮಗುವಿಗೆ ಹುಟ್ಟುವಾಗಲೇ ಸೊಂಟದ ಹಿಂದೆ ಅದರದೇ ಮುಷ್ಟಿಯಷ್ಟು ಗಂಟಿತ್ತು. ಸ್ಪೈನಾ ಬೈಫಿಡಾ, ಅಂದರೆ ಗರ್ಭದಲ್ಲಿ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ತೊಂದರೆ. ‘ಯಾರ ಕಡೆಯಿಂದ ಬಂತು?’ ಅಂತ ಎಲ್ಲರೂ ಕೇಳಿದ್ದೇ ಕೇಳಿದ್ದು. ಅಕ್ಕ ತಲೆ ಎತ್ತಲಿಲ್ಲ.

ಇದು ಸಾಮಾನ್ಯವಾಗಿ ಒಂದೇ ಜೀನ್‌ನ ಕೆಲಸ ಅಲ್ಲ. ಅಪ್ಪ, ಅಮ್ಮ ಇಬ್ಬರ ಹಲವು ಜೀನ್‌ಗಳ ಜೊತೆ ಫೋಲಿಕ್ ಆಮ್ಲದ ಕೊರತೆ, ತಾಯಿಯ ಸಕ್ಕರೆ ಕಾಯಿಲೆ, ಕೆಲವು ಫಿಟ್ಸ್ ಮಾತ್ರೆಗಳೂ ಸೇರಬಹುದು. ಮುಂದಿನ ಮಗುವಿಗೂ ಹೀಗಾಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ನಿಜ, ಆದರೂ ನೂರಕ್ಕೆ ಸುಮಾರು 2ರಿಂದ 5 ಅಷ್ಟೇ.

ಮುಂದೆ ಮಗುವಿನ ಬೆನ್ನುಹುರಿಯಾಗುವ ಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಬಸುರಿ ಅಂತ ಗೊತ್ತಾಗುವ ಮೊದಲೇ! ಹಾಗಾಗಿ ಫೋಲಿಕ್ ಆಮ್ಲದ ಮಾತ್ರೆ ಗರ್ಭ ಕಟ್ಟುವ ಮುಂಚೆಯೇ ಶುರುವಾಗಬೇಕು. ಅಕ್ಕನಿಗೆ ಇದನ್ನು ಹೇಳಿದ್ದು ಎರಡನೇ ಬಸಿರಿನ ಮೂರನೇ ತಿಂಗಳಲ್ಲಿ.