ನೋಟಿನೊಳಗಿನ ಚಿಪ್ಪು

ಪುಟ್ಟಿ,

ಮೊನ್ನೆ ರಾತ್ರಿ ಮನೆಯ ಗ್ರೂಪಿಗೆ ನೀನು ಹಾಕಿದ ‘ಒಡೆಯುತ್ತಾ ತುಂಗಭದ್ರಾ?’ ವಿಡಿಯೊ ನೋಡಿ, ಆ ಅಣೆಕಟ್ಟಿನ ಕೆಳಗೆ ನದಿದಂಡೆಯ ಕಂಪ್ಲಿಯಲ್ಲಿರುವ ಅಜ್ಜಿ ಹೊಲದ ಕಾಗದಪತ್ರವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಕೂತಿದ್ದರಂತೆ. ಬೆಳಗ್ಗೆ ಐದಕ್ಕೇ ನನಗೆ ಫೋನು. ಬೈಯಲೆಂದು ಬರೆಯುತ್ತಿಲ್ಲ. ಬಾಯಲ್ಲಿ ಹೇಳಿದರೆ ‘ಹೂಂ ಅಮ್ಮ’ ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ.

ಆ ದೃಶ್ಯ ಸುಳ್ಳಲ್ಲ, ಹಳೆಯದು. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗಿನದು. ಹೋದದ್ದು 33 ಗೇಟಿನಲ್ಲಿ ಒಂದು. ಅಣೆಕಟ್ಟು ನಿಂತೇ ಇತ್ತು. ವಾರದಲ್ಲಿ ಆ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ತಾತ್ಕಾಲಿಕ ತಡೆ ಇಳಿಸಿ ನೀರು ತಡೆದರು. ವಿಡಿಯೊದಲ್ಲಿ ತಾರೀಖು ಎಲ್ಲೂ ಇಲ್ಲ, ಸೈರನ್ ಸದ್ದು ಬೇಕಾದಷ್ಟಿದೆ. ಇನ್ನು ತಲೆಬರಹದ ಕೊನೆಯ ಆ ಪ್ರಶ್ನಾರ್ಥಕ ಚಿಹ್ನೆ! ಅದೊಂದಿದ್ದರೆ ಹೇಳಿದ ಹಾಗೂ ಆಯಿತು, ನಾವೆಲ್ಲಿ ಹೇಳಿದೆವು ಅನ್ನಲೂ ಬಂತು.

ನಿನಗೆ ಬುದ್ಧಿ ಹೇಳುವಷ್ಟು ಜಾಣೆಯೇನೂ ನಾನಲ್ಲ. 2016ರ ನವೆಂಬರ್ ನೆನಪಿದೆಯಾ? ನೀನಾಗ ನಾಲ್ಕನೇ ಕ್ಲಾಸು. 8ರ ರಾತ್ರಿ 500, 1000ದ ನೋಟು ರದ್ದಾದವು. ಮರುದಿನ ಬ್ಯಾಂಕು ಗಿರಾಕಿಗಳಿಗೆ ಬಂದ್, ಕೌಂಟರಿನಲ್ಲಿ ಕೂರುವ ನಮಗಲ್ಲ. ಸುಸ್ತಾಗಿ ಮನೆಗೆ ಬಂದು ಟಿವಿ ಹಚ್ಚಿದರೆ ಹಿಂದಿ ಚಾನೆಲಿನಲ್ಲಿ ಒಂದೇ ಗದ್ದಲ: ಹೊಸ 2000ದ ನೋಟಿನಲ್ಲಿ ನ್ಯಾನೊ ಜಿಪಿಎಸ್ ಚಿಪ್ಪು, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ.

ನಾನು ನಂಬಿದೆ. ಹದಿನೆಂಟು ವರ್ಷ ನೋಟು ಎಣಿಸಿದ ಕೈ, ಆದರೂ ನಂಬಿದೆ. ಯಾಕೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಾವು ಸೈಟು ಕೊಳ್ಳುವಾಗ ‘ಅರ್ಧ ದುಡ್ಡು ಬ್ಲ್ಯಾಕಲ್ಲೇ ಕೊಡಿ’ ಅಂದಿದ್ದನಲ್ಲ, ಅವನ ಮುಖ ಕಣ್ಣಮುಂದೆ ಬಂತು. ಅಂಥವರು ಸಿಕ್ಕಿಬೀಳಲಿ ಅಂತ ನನಗೆ ಆಸೆ. ಚಿಪ್ಪು ಇರಬೇಕಿತ್ತು, ಹಾಗಾಗಿ ಇತ್ತು.

ಶುಕ್ರವಾರ ಕೌಂಟರಿಗೆ ಒಬ್ಬ ಅಜ್ಜ ಬಂದರು. ಮೂರು ತಾಸು ಸಾಲಿನಲ್ಲಿ ನಿಂತವರು, ನಾನು ಕೊಟ್ಟ ಗುಲಾಬಿ ನೋಟನ್ನು ಮುಟ್ಟಲೇ ಇಲ್ಲ. ‘ಯಕ್ಕಾ, ಇದ್ರಾಗ ಚಿಪ್ಪು ಐತಂತ, ಖರೇ ಏನ?’ ನಾನೇನು ಅಂದೆ ಗೊತ್ತಾ? ‘ಟಿವ್ಯಾಗ ಹೇಳ್ಯಾರಜ್ಜ.’ ‘ಹಂಗಾರ ನೂರರ ನೋಟು ಕೊಡವ್ವಾ.’ ನನ್ನ ಡ್ರಾಯರಿನಲ್ಲಿ ನೂರರದು ಒಂದೂ ಇರಲಿಲ್ಲ. ಹಳೆಯ ನೋಟನ್ನೇ ವಾಪಸ್ ತೆಗೆದುಕೊಂಡು ಹೋದರು. ಮತ್ತೆ ಕಾಣಲಿಲ್ಲ.

ಮರುದಿನ ಸಂಜೆ, ಮೇಜಿನ ಮೇಲೆ ಬಿದ್ದಿದ್ದ ರಿಸರ್ವ್ ಬ್ಯಾಂಕಿನ ಸುತ್ತೋಲೆ ಓದಿದೆ. ಓರೆ ಮಾಡಿದರೆ ಹಸಿರಿನಿಂದ ನೀಲಿಯಾಗುವ ದಾರ, ಕಣ್ಣು ಕಾಣದವರು ಸವರಿ ಗುರುತಿಸಲು ಎರಡೂ ಬದಿಗೆ ಏಳೇಳು ಉಬ್ಬುಗೆರೆ, ಎಲ್ಲ ಇತ್ತು. ಚಿಪ್ಪಿನ ಸುದ್ದಿಯೇ ಇಲ್ಲ. 8ನೇ ತಾರೀಖಿನದು ಅದು. ಓದಿರಲಿಲ್ಲ ಅಷ್ಟೆ. ನೀನು ಅದೇ ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ಹಿಡಿದು ‘ಎಲ್ಲಮ್ಮಾ ಚಿಪ್ಪು?’ ಅಂತ ಕೇಳಿದ್ದೆ. ಮನೆಯಲ್ಲಿ ಪರೀಕ್ಷೆ ಮಾಡಿದವಳು ನೀನೊಬ್ಬಳೇ!

ಈಗ ಫಿಸಿಕ್ಸ್ ಓದುವವಳು ನೀನೇ ಹೇಳು. ಜಿಪಿಎಸ್ ಅನ್ನೋದು ಕೇಳಿಸಿಕೊಳ್ಳುವ ಕಿವಿ, ಮಾತಾಡುವ ಬಾಯಲ್ಲ. ಉಪಗ್ರಹ ಇರುವುದು 20 ಸಾವಿರ ಕಿಲೋಮೀಟರ್ ಮೇಲೆ. ಬ್ಯಾಟರಿಯಿಲ್ಲದ ಕಾಗದ ನೆಲದೊಳಗಿಂದ ಅಲ್ಲಿಗೆ ಕೂಗುವುದು ಹೇಗೆ? ನೆಲಮಾಳಿಗೆಯಲ್ಲಿ ನಮ್ಮ ಮೊಬೈಲಿಗೇ ದಾರಿ ಸಿಗಲ್ಲ.

ಟಿವಿಯವರ ಹೊಟ್ಟೆಪಾಡೂ ಗೊತ್ತು. 2020ರ ಹೊತ್ತಿಗೆ ಇಡೀ ದೇಶದಲ್ಲಿ, ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆ ಅಂತ ಅಳೆಯುವ ಟಿಆರ್‌ಪಿ ಮೀಟರ್ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಅಷ್ಟು ಮನೆಯವರು ರಿಮೋಟು ಒತ್ತದಿದ್ದರೆ ಸಾಕು ಅಂತ ಕೂಗುತ್ತಾರೆ. ಚಿಪ್ಪು ಇಲ್ಲ ಅಂತ ರಿಸರ್ವ್ ಬ್ಯಾಂಕಿನವರೇ ಹೇಳಿದ್ದು ಎಷ್ಟು ಜನರಿಗೆ ಮುಟ್ಟಿತೋ. 2023ರಲ್ಲಿ ಆ ನೋಟನ್ನು ವಾಪಸ್ ತೆಗೆದುಕೊಳ್ಳುವಾಗ ಒಬ್ಬಾಕೆ ನನ್ನನ್ನೇ ಕೇಳಿದರು, ‘ಚಿಪ್ಪು ತಗದು ಕೊಡಬೇಕೇನ್ರಿ?’

ಗ್ರೂಪಿನಿಂದ ಆ ವಿಡಿಯೊ ಸುಮ್ಮನೆ ಅಳಿಸಿಬಿಡಬೇಡ. ‘ಇದು 2024ರದು, ನೋಡದೆ ಹಾಕಿದೆ’ ಅಂತ ಅದರ ಕೆಳಗೇ ಬರಿ. ಆಮೇಲೆ ಕಂಪ್ಲಿಗೆ ನೀನೇ ಫೋನ್ ಮಾಡು. ನಾನು ಹೇಳಿದರೆ ಅಜ್ಜಿ ಕೇಳುತ್ತಿಲ್ಲ, ಚೀಲ ಇನ್ನೂ ಬಾಗಿಲ ಪಕ್ಕದಲ್ಲೇ ಇದೆ.

ನಿನ್ನ
ಅಮ್ಮ