ಬುಕ್ ಮಾಡುವಾಗ ಕಂಡ ಬಾಡಿಗೆಯೇ ಇನ್ನು ಬಿಲ್ಲಿನಲ್ಲೂ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಕಾರುಗಳ ದಿನದ ಬಾಡಿಗೆ ಈಗಿನದಕ್ಕಿಂತ ಜಾಸ್ತಿ ಕಾಣುತ್ತದೆ. ಅದನ್ನು ನೋಡಿ ಬೇರೆ ಕಡೆ ವಿಚಾರಿಸುವ ಮೊದಲು ದಯವಿಟ್ಟು ಈ ಪತ್ರ ಪೂರ್ತಿ ಓದಿ. ಇಷ್ಟು ದಿನ ಬಿಲ್ಲಿನ ಕೊನೆಯಲ್ಲಿ ಒಂದೊಂದಾಗಿ ಸೇರುತ್ತಿದ್ದ ಖರ್ಚುಗಳನ್ನು ಈಗ ಬಾಡಿಗೆಯೊಳಗೇ ಸೇರಿಸಿದ್ದೇವೆ. ಬುಕ್ ಮಾಡುವಾಗ ನೋಡಿದ ಮೊತ್ತವೇ ಕೀ ವಾಪಸ್ ಕೊಡುವಾಗಲೂ ಇರಬೇಕು ಅಂತ ನಮ್ಮ ಬಾಡಿಗೆ ಕಾರು ಸಹಕಾರ ಸಂಘದ ಸದಸ್ಯರೆಲ್ಲ ಕೂತು ತೀರ್ಮಾನಿಸಿದ್ದೇವೆ.

ಇದಕ್ಕೆ ಕಾರಣವಾದ ಒಂದು ಸಂಜೆಯ ವಿಷಯ ಹೇಳಲೇಬೇಕು. ಮೂರು ದಿನಕ್ಕೆ ಕಾರು ತೆಗೆದುಕೊಂಡಿದ್ದ ಒಬ್ಬರು, ನಿದ್ದೆ ಹೋಗಿದ್ದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕೀ ಕೊಡಲು ಬಂದರು. ನಾವು ಕೊಟ್ಟ ಬಿಲ್ಲಿನಲ್ಲಿ ಬಾಡಿಗೆಯ ಕೆಳಗೆ ಇನ್ನೂ ಆರು ಸಾಲು ಇದ್ದವು. ಮಗುವಿನ ಸೀಟು. ಅವರ ಯಜಮಾನರೂ ಓಡಿಸಿದ್ದರಿಂದ ಎರಡನೇ ಡ್ರೈವರ್ ಶುಲ್ಕ. ಕ್ಲೀನಿಂಗ್. 40 ನಿಮಿಷ ತಡವಾಗಿದ್ದಕ್ಕೆ ಇಡೀ ಒಂದು ದಿನದ ಬಾಡಿಗೆ. ಟೋಲ್ ಹಣ. ಆ ಟೋಲ್ ಹಣವನ್ನು ನಾವು ಕಟ್ಟಿದ್ದಕ್ಕೆ ಮತ್ತೊಂದು ಸೇವಾ ಶುಲ್ಕ. ಎಲ್ಲವೂ ಒಪ್ಪಂದದಲ್ಲಿ ಇದ್ದವು, ಕೆಳಗೆ ಅವರ ಸಹಿಯೂ ಇತ್ತು. ಅವರು ಜಗಳ ಆಡಲಿಲ್ಲ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಮೊದಲೇ ಹೇಳಬಹುದಿತ್ತಲ್ವಾ?" ಅಂತ ಕೇಳುತ್ತಾ ಹೋದರು. ಕೌಂಟರಿನಲ್ಲಿ ಕೂತಿದ್ದ ನನಗೆ ಒಂದಕ್ಕೂ ಉತ್ತರ ಹೊಳೆಯಲಿಲ್ಲ. ಹೇಳಬಹುದಿತ್ತು, ಹೇಳಿರಲಿಲ್ಲ. ಆ ಹಣವನ್ನು ಮರುದಿನವೇ ಅವರಿಗೆ ವಾಪಸ್ ಮಾಡಿದೆವು. ಆದರೆ ಅವರ ಹಾಗೆ ಕೇಳದೆ ಸುಮ್ಮನೆ ಕಟ್ಟಿ ಹೋದವರು ಎಷ್ಟು ಜನವೋ ಅನ್ನೋದು ಮನಸ್ಸಿನಿಂದ ಹೋಗಲಿಲ್ಲ. ಅವರೆಲ್ಲರಲ್ಲೂ ಕ್ಷಮೆ ಕೇಳುತ್ತೇವೆ.

ಈಗ ಮಗುವಿನ ಸೀಟು, ಸಾಮಾನ್ಯ ಕ್ಲೀನಿಂಗ್, ಎರಡನೇ ಡ್ರೈವರ್, ಮೂರೂ ಬಾಡಿಗೆಯಲ್ಲೇ ಬಂದವು. ಎರಡನೇ ಡ್ರೈವರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಶುಲ್ಕ ಉಳಿಸಲು ಎಷ್ಟೋ ಜನ ಒಬ್ಬರ ಹೆಸರನ್ನಷ್ಟೇ ಬರೆಸಿ, ದಾರಿಯಲ್ಲಿ ಸೀಟು ಬದಲಾಯಿಸುತ್ತಿದ್ದರು. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ಇನ್ಶೂರೆನ್ಸ್ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ. ಸಣ್ಣ ಮೊತ್ತ ಉಳಿಸಲು ಹೋಗಿ ಇಡೀ ರಿಪೇರಿ ಖರ್ಚು ತಲೆ ಮೇಲೆ ಬೀಳುತ್ತದೆ. ಅದಕ್ಕೇ ಶುಲ್ಕವನ್ನೇ ತೆಗೆದೆವು. ದಯವಿಟ್ಟು ಕಾರು ಓಡಿಸುವ ಎಲ್ಲರ ಹೆಸರನ್ನೂ ಬರೆಸಿ, ಲೈಸೆನ್ಸ್ ತೋರಿಸಿ.

ಬಾಡಿಗೆಯಲ್ಲಿ ಒಂದು ದಿನ ಅಂದರೆ 24 ಗಂಟೆ, ಕ್ಯಾಲೆಂಡರಿನ ದಿನವಲ್ಲ. ಬೆಳಗ್ಗೆ 10ಕ್ಕೆ ತೆಗೆದುಕೊಂಡರೆ ಮರುದಿನ ಬೆಳಗ್ಗೆ 10ಕ್ಕೆ ಒಂದು ದಿನ ಮುಗಿಯಿತು. ಇನ್ನು ಮುಂದೆ ಒಂದು ಗಂಟೆವರೆಗಿನ ತಡಕ್ಕೆ ಏನೂ ಇಲ್ಲ. ಆಮೇಲೆ ಗಂಟೆ ಲೆಕ್ಕ, ಅದು ಎಂದೂ ಒಂದು ದಿನದ ಬಾಡಿಗೆ ದಾಟುವುದಿಲ್ಲ.

ಇಂಧನದ ಲೆಕ್ಕವೂ ಬದಲಾಗಿದೆ. ಮೊದಲು ಫುಲ್ ಟ್ಯಾಂಕಿನ ಹಣ ಮುಂಚೆಯೇ ತೆಗೆದುಕೊಂಡು, ಖಾಲಿ ಮಾಡಿಕೊಂಡು ತನ್ನಿ ಅನ್ನುತ್ತಿದ್ದೆವು. ಕೇಳಲು ಸುಲಭ, ಆದರೆ ಟ್ಯಾಂಕನ್ನು ಸರಿಯಾಗಿ ಖಾಲಿ ಮಾಡಿ ಯಾರು ತರುತ್ತಾರೆ? ಉಳಿದದ್ದೆಲ್ಲ ಗ್ರಾಹಕರ ಪಾಲಿಗೆ ನಷ್ಟ. ಇನ್ನು ಫುಲ್ ಕೊಡುತ್ತೇವೆ, ಫುಲ್ ತನ್ನಿ. ಬಹಳ ಕಾರುಗಳಲ್ಲಿ ಟ್ಯಾಂಕ್ ತುಂಬಿಸಿದ ಮೇಲೆ ಮುಳ್ಳು ಸುಮಾರು ದೂರದವರೆಗೆ ಫುಲ್ ಮೇಲೇ ನಿಂತಿರುತ್ತದೆ. ಹಾಗಾಗಿ ಮುಳ್ಳನ್ನಷ್ಟೇ ನಂಬದೆ, ವಾಪಸ್ ಬರುವಾಗ ನಮ್ಮ ಹತ್ತಿರದ ಬಂಕಿನಲ್ಲಿ ತುಂಬಿಸಿ, ರಸೀದಿ ಜೊತೆಗಿಟ್ಟುಕೊಳ್ಳಿ. ಕಡಿಮೆ ಇದ್ದರೆ ನಾವು ತುಂಬಿಸಿ ಬಂಕಿನ ದರವನ್ನಷ್ಟೇ ಹಾಕುತ್ತೇವೆ.

ಜಾಸ್ತಿ ಗೊಂದಲ ಇರುವುದು ಇನ್ಶೂರೆನ್ಸ್ ವಿಷಯದಲ್ಲಿ. "ಫುಲ್ ಇನ್ಶೂರೆನ್ಸ್ ಇದೆ" ಅಂದಾಗ ಏನೇ ಆದರೂ ತಮ್ಮ ಕೈಯಿಂದ ಹಣ ಹೋಗುವುದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಕಾರಿಗೆ ಪೆಟ್ಟಾದರೆ ಮೊದಲ ಇಷ್ಟು ಮೊತ್ತವನ್ನು ಗ್ರಾಹಕರೇ ಕೊಡಬೇಕು ಅನ್ನುವ ಷರತ್ತು ಇರುತ್ತದೆ. ಅದರ ಮೇಲಿನ ಖರ್ಚು ಮಾತ್ರ ಮನ್ನಾ. ಅದರಲ್ಲೂ ಟೈರು, ವೀಲ್ ರಿಮ್, ಗಾಜು, ಕಾರಿನ ಅಡಿಭಾಗ ಇವನ್ನು ಬಹಳ ಕಡೆ ಹೊರಗಿಟ್ಟಿರುತ್ತಾರೆ. ಕೀ ಕಳೆದುಹೋದರೆ, ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಸಿಬಿಟ್ಟರೆ ಅದೂ ಸಾಮಾನ್ಯವಾಗಿ ರಕ್ಷಣೆಯಲ್ಲಿ ಬರುವುದಿಲ್ಲ. ಕೆಟ್ಟ ರಸ್ತೆಯಲ್ಲಿ ಮೊದಲು ಏಟು ತಿನ್ನುವುದೇ ಟೈರು ಮತ್ತು ಅಡಿಭಾಗ ಅಲ್ವಾ? ನಮ್ಮ ರಕ್ಷಣೆಯಲ್ಲಿ ಇನ್ನು ಟೈರು, ಗಾಜು ಎರಡೂ ಸೇರಿವೆ. ಅಡಿಭಾಗ, ಕೀ, ತಪ್ಪು ಇಂಧನ ಸೇರಿಲ್ಲ. ನೀವು ಕೊಡಬೇಕಾಗಬಹುದಾದ ಗರಿಷ್ಠ ಮೊತ್ತ ಎಷ್ಟು ಅನ್ನುವುದನ್ನು ಒಪ್ಪಂದದ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ.

ಹೆಚ್ಚುವರಿ ರಕ್ಷಣೆಯನ್ನು ಕೌಂಟರಿನಲ್ಲಿ ಮಾರುವುದನ್ನೂ ನಿಲ್ಲಿಸಿದ್ದೇವೆ. ಪ್ರಯಾಣ ಮಾಡಿ ದಣಿದು, ಲಗೇಜು ಹಿಡಿದು ನಿಂತವರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಅದು ಒಪ್ಪಿಗೆ ಅಂತ ನಮಗೆ ಅನ್ನಿಸುವುದಿಲ್ಲ. ಬೇಕಿದ್ದರೆ ಬುಕ್ ಮಾಡುವಾಗಲೇ, ಮನೆಯಲ್ಲಿ ನಿಧಾನವಾಗಿ ಓದಿ ಸೇರಿಸಿಕೊಳ್ಳಿ. ಅದಕ್ಕೂ ಮೊದಲು ನಿಮ್ಮ ಕ್ರೆಡಿಟ್ ಕಾರ್ಡಿನಲ್ಲೋ ಟ್ರಾವೆಲ್ ಇನ್ಶೂರೆನ್ಸಿನಲ್ಲೋ ಬಾಡಿಗೆ ಕಾರಿನ ರಕ್ಷಣೆ ಈಗಾಗಲೇ ಇದೆಯಾ ನೋಡಿ. ಇದ್ದರೆ ಅದಕ್ಕೇ ಎರಡು ಸಲ ಹಣ ಕೊಡಬೇಡಿ.

ಇನ್ನು ಗೀರು, ನಗ್ಗುಗಳ ಜಗಳ. ಇದನ್ನು ತಪ್ಪಿಸಲು ಕಾರು ಕೊಡುವ ಮುಂಚೆ ಹತ್ತು ನಿಮಿಷ ನಿಮ್ಮ ಜೊತೆ ಕಾರಿನ ಸುತ್ತ ಬರುತ್ತೇವೆ. ನಿಮಗೆ ಆತುರ ಇದ್ದರೂ ಈ ಹತ್ತು ನಿಮಿಷ ಬಿಡಬೇಡಿ. ಬಾಗಿಲುಗಳನ್ನು ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ನಾಲ್ಕೂ ವೀಲ್ ರಿಮ್‌ಗಳ ಅಂಚು, ಬಂಪರಿನ ಕೆಳತುಟಿ, ಮುಂದಿನ ಗಾಜಿನ ಕೆಳಮೂಲೆ, ಕಾರಿನ ಮೇಲ್ಛಾವಣಿ. ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಕಾರು ಒದ್ದೆ ಇದ್ದರೆ ಒರೆಸಿಕೊಡಿ ಅಂತ ಧೈರ್ಯವಾಗಿ ಕೇಳಿ, ನೀರಿನ ಪೊರೆಯಲ್ಲಿ ಸಣ್ಣ ಗೀರುಗಳು ಮರೆಯಾಗುತ್ತವೆ. ಒಳಗೆ ಕೂತು ಕಿಲೋಮೀಟರ್ ರೀಡಿಂಗ್, ಇಂಧನದ ಮುಳ್ಳು ಎರಡೂ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. ಡಿಕ್ಕಿ ತೆಗೆದು ಸ್ಟೆಪ್ನಿ, ಜ್ಯಾಕ್ ಇದೆಯಾ ನೋಡಿ. ಉಗುರು ಆಡಿಸಿದಾಗ ಉಗುರಿಗೆ ಸಿಗದಷ್ಟು ತೆಳು ಗೀರನ್ನು ಇನ್ನು ಮುಂದೆ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಓಡುವ ಕಾರಿನ ಸಹಜ ಸವೆತ.

ವಾಪಸ್ ಕೊಡುವಾಗಲೂ ಇದೇ ಸುತ್ತು. ನಮ್ಮ ಆಫೀಸ್ ಮುಚ್ಚಿದ ಮೇಲೆ ಬಂದು ಕೀಯನ್ನು ಪೆಟ್ಟಿಗೆಗೆ ಹಾಕಿ ಹೋಗುವವರು, ಕಾರು ನಿಲ್ಲಿಸಿದ ಜಾಗದಲ್ಲೇ ಒಂದು ವಿಡಿಯೋ ಮಾಡಿ ನಮಗೆ ಕಳಿಸಿಬಿಡಿ. ಬೆಳಗ್ಗೆ ನಾವು ನೋಡುವವರೆಗಿನ ಜವಾಬ್ದಾರಿ ಮೊದಲು ಗ್ರಾಹಕರದ್ದಾಗಿತ್ತು. ಆ ಷರತ್ತನ್ನು ತೆಗೆದಿದ್ದೇವೆ. ವಿಡಿಯೋ ಕಳಿಸಿದ ಮೇಲೆ ಜವಾಬ್ದಾರಿ ನಮ್ಮದು.

ಡೆಪಾಸಿಟ್ ಬಗ್ಗೆ ಜಾಸ್ತಿ ಫೋನ್ ಬರುತ್ತವೆ. ಕ್ರೆಡಿಟ್ ಕಾರ್ಡಾದರೆ ಆ ಮೊತ್ತವನ್ನು ಬ್ಲಾಕ್ ಮಾಡುತ್ತೇವೆ, ಹಣ ನಮಗೆ ಬರುವುದಿಲ್ಲ, ಆದರೆ ನಿಮ್ಮ ಲಿಮಿಟ್ ಅಷ್ಟು ಕಡಿಮೆಯಾಗುತ್ತದೆ. ಡೆಬಿಟ್ ಕಾರ್ಡಾದರೆ ಖಾತೆಯಲ್ಲಿರುವ ನಿಮ್ಮ ಹಣವೇ ಸಿಕ್ಕಿಕೊಳ್ಳುತ್ತದೆ, ಪ್ರಯಾಣದಲ್ಲಿ ಅದು ಕಷ್ಟ. ವಾಪಸ್ ಬಂದ ಕಾರನ್ನು ನೋಡಿದ ದಿನವೇ ನಾವು ಬಿಡುಗಡೆ ಮಾಡಿ ಮೆಸೇಜ್ ಕಳಿಸುತ್ತೇವೆ. ಆಮೇಲೆ ಬ್ಯಾಂಕಿನವರು ಕೆಲವು ದಿನ ತೆಗೆದುಕೊಳ್ಳಬಹುದು.

ಬಾಡಿಗೆಯಲ್ಲಿ ಸೇರಿಸಲು ಆಗದವೂ ಇವೆ. ಟೋಲ್ ಮತ್ತು ಟ್ರಾಫಿಕ್ ದಂಡ ಎಷ್ಟು ಬರುತ್ತದೋ ಅಷ್ಟೇ, ನಮ್ಮ ಸೇವಾ ಶುಲ್ಕ ಇಲ್ಲದೆ. ಒಂದೂರಲ್ಲಿ ತೆಗೆದುಕೊಂಡು ಇನ್ನೊಂದೂರಲ್ಲಿ ಬಿಟ್ಟರೆ ಕಾರನ್ನು ವಾಪಸ್ ತರಲು ನಮ್ಮವರೇ ಹೋಗಬೇಕು. ಆ ಖರ್ಚು ಬುಕ್ ಮಾಡುವಾಗಲೇ ಕಾಣುತ್ತದೆ. ದಿನಕ್ಕೆ 300 ಕಿಲೋಮೀಟರ್ ಮಿತಿ ಹಾಗೇ ಇರುತ್ತದೆ, ಆದರೆ ಒಟ್ಟು ದಿನಗಳ ಮೇಲೆ ಲೆಕ್ಕ. ಒಂದು ದಿನ 500 ಓಡಿಸಿ ಮರುದಿನ ವಿಶ್ರಾಂತಿ ತೆಗೆದುಕೊಂಡರೆ ಹೆಚ್ಚಿಗೆ ಏನೂ ಕೊಡಬೇಕಿಲ್ಲ.

ನೀವು ಪ್ರತಿ ಸಲ ನಮ್ಮಲ್ಲೇ ಕಾರು ತೆಗೆದುಕೊಳ್ಳಲು ಆಗುವುದಿಲ್ಲ, ಗೊತ್ತು. ಎಲ್ಲೇ ತೆಗೆದುಕೊಂಡರೂ ದಿನದ ಬಾಡಿಗೆ ಕೇಳಬೇಡಿ. "ಎಲ್ಲಾ ಸೇರಿ ಕೊನೆಗೆ ಎಷ್ಟಾಗುತ್ತೆ?" ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಏರ್‌ಪೋರ್ಟ್ ಕೌಂಟರಾದರೆ ಅಲ್ಲಿನ ಹೆಚ್ಚುವರಿ ಶುಲ್ಕ, ಡ್ರೈವರ್ ವಯಸ್ಸು 25ಕ್ಕಿಂತ ಕಡಿಮೆ ಇದ್ದರೆ ಅದರ ಶುಲ್ಕ, ಎರಡನ್ನೂ ಹೆಸರು ಹಿಡಿದೇ ಕೇಳಿ. ಬೇರೆ ದೇಶದಲ್ಲಿ ಕಾರ್ಡ್ ಮಷೀನ್ ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ಹಣದಲ್ಲೇ ಕಟ್ಟಿ. ಮಷೀನ್ ಕೊಡುವ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ಈಗಾಗಲೇ ಬುಕ್ ಮಾಡಿರುವವರು ಏನೂ ಮಾಡಬೇಕಿಲ್ಲ. ನಿಮ್ಮ ಬಿಲ್ಲನ್ನು ಹಳೆಯ ಲೆಕ್ಕದಲ್ಲೂ ಹೊಸ ಲೆಕ್ಕದಲ್ಲೂ ಹಾಕಿ, ಯಾವುದು ಕಡಿಮೆಯೋ ಅದನ್ನೇ ತೆಗೆದುಕೊಳ್ಳುತ್ತೇವೆ. ಹೊಸ ಒಪ್ಪಂದ ಎರಡೇ ಪುಟ. ಪ್ರಯಾಣದ ಮೂರು ದಿನ ಮುಂಚೆ ನಿಮಗೆ ಕಳಿಸುತ್ತೇವೆ. ಅರ್ಥವಾಗದ ಸಾಲು ಒಂದಿದ್ದರೂ ಗುರುತು ಹಾಕಿಟ್ಟುಕೊಳ್ಳಿ, ಕೀ ಕೈಗೆ ಕೊಡುವ ಮೊದಲು ಕೂತು ಮಾತಾಡೋಣ.

ನಿಮ್ಮ ವಿಶ್ವಾಸಿ,
ಕೌಂಟರ್ ನೋಡಿಕೊಳ್ಳುವವರು,
ಬಾಡಿಗೆ ಕಾರು ಸಹಕಾರ ಸಂಘದ ಎಲ್ಲ ಸದಸ್ಯರ ಪರವಾಗಿ