ಪ್ರತಿ ಉದ್ಯಾನದಲ್ಲೂ ಇಂಗುಬಾವಿ ತೋಡಿಸಿ

ಮಾನ್ಯ ಸಂಪಾದಕರೇ,

ವರ್ಷಕ್ಕೆ ಸರಾಸರಿ 970 ಮಿ.ಮೀ.ನಷ್ಟು ಮಳೆ ಬೀಳುವ ಬೆಂಗಳೂರು, ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ನೀರೆತ್ತಿ ತರುತ್ತಲೇ ತನ್ನ ಮೇಲೆ ಸುರಿದ ನೀರನ್ನು ಚರಂಡಿಗೆ ಬಿಡುತ್ತಿರುವುದು ನೋವಿನ ಸಂಗತಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಮಹದೇವಪುರ ಭಾಗದ ಮನೆಗಳಿಗೆ ನೀರು ನುಗ್ಗಿದ ಬಳಿಕ ರಾಜಕಾಲುವೆ ಒತ್ತುವರಿ ತೆರವಿನ ಮಾತೇ ಹೆಚ್ಚು ಕೇಳಿಬಂತು. ಅದು ಆಗಲೇಬೇಕಾದ ಕೆಲಸ. ಆದರೆ ಕಾಲುವೆಯ ತಳಕ್ಕೂ ಕಾಂಕ್ರೀಟ್ ಹಾಕಿದರೆ ನೀರು ಇಂಗದೆ, ಇನ್ನಷ್ಟು ರಭಸದಿಂದ ಓಡಿ ತಗ್ಗಿನ ಬಡಾವಣೆಗಳ ಮೇಲೆ ಎರಗುತ್ತದೆ.

ನಮ್ಮ ಬೀದಿಯಲ್ಲಿ ಪಾದಚಾರಿ ಮಾರ್ಗ ಮಾಡುವಾಗ ಹೊಂಗೆ ಮರದ ಬುಡದಲ್ಲಿ ಅಂಗೈಯಗಲ ಮಣ್ಣನ್ನೂ ಉಳಿಸದೆ ಸಿಮೆಂಟ್ ಮೆತ್ತಿದ್ದಾರೆ. ರಸ್ತೆಯಂಚಿನ ಜಾಲರಿಗೆ ತರಗೆಲೆ, ಹಾಲಿನ ಕವರ್ ಕಟ್ಟಿಕೊಂಡು ಅರ್ಧ ಗಂಟೆಯ ಮಳೆಗೇ ಮೊಣಕಾಲುದ್ದ ನೀರು ನಿಲ್ಲುತ್ತದೆ. ಕಬ್ಬನ್ ಪಾರ್ಕ್‌ನಲ್ಲಿ ಮಾಡಿರುವಂತೆ, ಸಿಮೆಂಟ್ ಬಳೆಗಳನ್ನು ಇಳಿಸಿ ತಳವನ್ನು ತೆರೆದೇ ಬಿಟ್ಟ ಇಂಗುಬಾವಿಗಳನ್ನು ಪ್ರತಿ ಉದ್ಯಾನ, ಆಟದ ಮೈದಾನದಲ್ಲೂ ತೋಡಿಸಬಹುದು. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದು ಇಲ್ಲಿನ ಮಣ್ಣಿನ ಪದರಗಳನ್ನು ಬಲ್ಲ ಮಣ್ಣುವಡ್ಡರ ಸಮುದಾಯದವರಿಗೆ ಇದರಿಂದ ದುಡಿಮೆಯೂ ದೊರೆಯುತ್ತದೆ. ಈ ಬಾವಿಗಳಿಗೆ ಒಳಚರಂಡಿ ನೀರು ಸೇರದಂತೆ ನೋಡಿಕೊಂಡು, ಹೂಳನ್ನು ಸೋಸಿಯೇ ಮಳೆನೀರು ಬಿಡಬೇಕು. ಮುಂಗಾರಿಗೆ ಮುನ್ನವೇ ಪ್ರತಿ ವಾರ್ಡ್‌ನಲ್ಲಿ ಜಾಗ ಗುರುತಿಸುವ ಕೆಲಸವನ್ನು ಪಾಲಿಕೆ ಆರಂಭಿಸಲಿ.

— ಓರ್ವ ನಾಗರಿಕ, ಬೆಂಗಳೂರು